ಬಂಡೆಗೆ ಬೋಲ್ಟ್ ಹಾಕಿದವರ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ನಾವು ಐದಾರು ಗೆಳೆಯರು ಬೆಂಗಳೂರಿನ ಹತ್ತಿರದ ಒಂದು ಬಂಡೆಗೆ ಸ್ವಂತ ದುಡ್ಡಲ್ಲಿ ಕ್ಲೈಂಬಿಂಗ್ ಬೋಲ್ಟ್ (ಹತ್ತುವವರ ಹಗ್ಗಕ್ಕೆ ಆಧಾರವಾಗಿ ಬಂಡೆ ಕೊರೆದು ಕೂರಿಸುವುದು) ಹಾಕಿ, ಯಾರು ಬೇಕಾದರೂ ಹತ್ತಲಿ ಅಂತ ಬಿಡಬೇಕು ಅಂದುಕೊಂಡಿದ್ದೇವೆ. ನಾಳೆ ಯಾರಾದರೂ ಬಿದ್ದರೆ ನಮ್ಮ ತಲೆಗೆ ಬರುತ್ತಾ? ಅನುಭವ ಇದ್ದವರು ಹೇಳಿ.

ಉತ್ತರ 1: ಬರಬಹುದು. ನೀವು ದುಡ್ಡು ತೆಗೆದುಕೊಳ್ಳುತ್ತಿಲ್ಲ, ಹಾಗಾಗಿ 2019ರ ಗ್ರಾಹಕರ ಕಾಯ್ದೆ ನಿಮಗೆ ತಗಲುವುದಿಲ್ಲ. ಅದು ಪುಕ್ಕಟೆ ಸೇವೆಗೆ ಅಲ್ಲ. ಆದರೆ ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಜೈಲು. ಅಲ್ಲಿ ದುಡ್ಡಿನ ಮಾತು ಬರುವುದಿಲ್ಲ.

ನಾವೂ ಹಿಂದೆ ಒಂದು ಬಂಡೆಗೆ ಹಾರ್ಡ್‌ವೇರ್ ಅಂಗಡಿಯ ಸತು ಲೇಪದ ಬೋಲ್ಟ್ ಹಾಕಿದ್ದೆವು. ಮೂರನೇ ಮಳೆಗಾಲ ಮುಗಿದಾಗ ಹ್ಯಾಂಗರ್ (ಹಗ್ಗದ ಕೊಂಡಿ ಸಿಕ್ಕಿಸಲು ಬೋಲ್ಟಿಗೆ ಬಿಗಿಯುವ ಲೋಹದ ಪಟ್ಟಿ) ಕೆಳಗೆ ತುಕ್ಕಿನ ಗೆರೆ ಇಳಿದಿತ್ತು. ಸ್ಪ್ಯಾನರ್ ಹಾಕಿದರೆ ಒಂದು ಬೋಲ್ಟ್ ನಟ್ಟಿನ ಜೊತೆಗೇ ತಿರುಗಿತು. ಹಿಂದಿನ ಭಾನುವಾರವಷ್ಟೇ ಕಾಲೇಜು ಹುಡುಗರು ಅದಕ್ಕೇ ಹಗ್ಗ ಹಾಕಿ ಹತ್ತಿದ್ದರು! ಅವತ್ತೇ ಆ ರೂಟಿನ ಕೆಳಗಿನ ಎರಡು ಹ್ಯಾಂಗರ್ ಬಿಚ್ಚಿಕೊಂಡು ಬಂದೆವು, ಯಾರೂ ಹತ್ತದ ಹಾಗೆ. ಬೋಲ್ಟ್ ಸಡಿಲ ಅಂತ ಗೊತ್ತಾದ ಮೇಲೂ ಸುಮ್ನಿದ್ದರೆ ಅದಕ್ಕೆ ಸಮಜಾಯಿಷಿ ಇಲ್ಲ, ಅಲ್ವಾ?

ಈಗ ಸುಲಭಕ್ಕೆ ತುಕ್ಕು ಹಿಡಿಯದ 316 ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಬೋಲ್ಟು, ಹ್ಯಾಂಗರು ಎರಡೂ ಒಂದೇ ಲೋಹ, ಇಎನ್ 959 (ಕ್ಲೈಂಬಿಂಗ್ ಬೋಲ್ಟಿನ ಯೂರೋಪಿನ ಮಾನದಂಡ) ಗುರುತು ಇರುವಂಥವು. ಗ್ರಾನೈಟ್‌ಗೆ ಎಕ್ಸ್‌ಪ್ಯಾನ್ಷನ್ ಬೋಲ್ಟ್ (ಬಿಗಿದಾಗ ತೂತಿನೊಳಗೆ ಅಗಲಿಸಿ ಹಿಡಿದುಕೊಳ್ಳುವುದು) ಸಾಕು. ಬಾದಾಮಿಯಂಥ ಮರಳುಗಲ್ಲಿಗೆ ಅಂಟು ಹಾಕಿ ಕೂರಿಸುವ ಉದ್ದ ಬೋಲ್ಟೇ ಒಳ್ಳೆಯದು. ಯಾವ ದಿನ, ಯಾರು, ಎಷ್ಟು ಆಳಕ್ಕೆ ಹಾಕಿದರು, ಆಮೇಲೆ ಯಾವಾಗ ನೋಡಿದರು ಎಲ್ಲಾ ಪುಸ್ತಕದಲ್ಲಿ ಬರೆದಿಡಿ. ನೀವು ಎಚ್ಚರ ವಹಿಸಿದ್ದಕ್ಕೆ ಅದೇ ಸಾಕ್ಷಿ.

ಉತ್ತರ 2: ಡ್ರಿಲ್ ಎತ್ತುವ ಮೊದಲು ಬಂಡೆ ಯಾರದು ಅಂತ ಕೇಳಿ. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅರಣ್ಯ ಇಲಾಖೆಯದು. ಅನುಮತಿ ಇಲ್ಲದೆ ಕೊರೆದರೆ ಯಾರೂ ಬೀಳದಿದ್ದರೂ ಕೇಸು.

ಉತ್ತರ 3: ಫ್ರಾನ್ಸಿನ ವ್ಯಾಂಗ್ರೋ ಎಂಬಲ್ಲಿ 2010ರಲ್ಲಿ ಬಂಡೆಯ ತುಂಡೇ ಕಳಚಿ ಇಬ್ಬರಿಗೆ ಜೋರು ಪೆಟ್ಟಾಯಿತು. ಬೋಲ್ಟಿನ ತಪ್ಪಿರಲಿಲ್ಲ. ಆದರೂ ಕರಾರಿನ ಪ್ರಕಾರ ಜಾಗ ನೋಡಿಕೊಳ್ಳುತ್ತಿದ್ದ ಕ್ಲೈಂಬಿಂಗ್ ಫೆಡರೇಷನ್ನೇ ಹೊಣೆ ಎಂದು ಕೋರ್ಟು ಹೇಳಿತು. ಪರಿಹಾರ ಹತ್ತು ಲಕ್ಷ ಯೂರೋ ದಾಟಿತು. ಫೆಡರೇಷನ್ ಅಂಥ ಕರಾರುಗಳಿಂದಲೇ ಹಿಂದೆ ಸರಿಯಿತು. 2022ರಲ್ಲಿ ಅಲ್ಲಿ ಕಾನೂನನ್ನೇ ಬದಲಾಯಿಸಬೇಕಾಯಿತು. ಹಾಗಾಗಿ ನಿಮ್ಮ ಅನುಮತಿ ಪತ್ರದಲ್ಲಿ ‘ನಿರ್ವಹಣೆ’ ಅನ್ನುವ ಪದ ಎಲ್ಲಿದೆ, ಯಾರ ಹೆಸರಿನ ಪಕ್ಕ ಇದೆ ಅಂತ ನೋಡಿ, ವಕೀಲರಿಗೂ ತೋರಿಸಿ ಆಮೇಲೆ ಸಹಿ ಮಾಡಿ.