ಐಸ್ ಡಿಸ್ಪೆನ್ಸರ್ ಒಳಗೆ ಕಿರ್ರ್ ಸದ್ದು, ಐಸ್ ಒದ್ದೆ: ಗ್ಯಾಸ್ ತುಂಬಿಸಿದರೆ ಸಾಕಾ?

ಪ್ರಶ್ನೆ: ನಮಸ್ಕಾರ. ಆಸ್ಪತ್ರೆಯೊಂದರಲ್ಲಿ ಮೇಂಟೆನೆನ್ಸ್ ನೋಡ್ಕೋತೀನಿ. ವಾರ್ಡಿನ ಹೊರಗೆ ಐಸ್ ಮತ್ತು ತಣ್ಣೀರು ಎರಡೂ ಕೊಡುವ ಮಷೀನ್ ಇದೆ. ಕಪ್ ಹಿಡಿದರೆ ಅಗಿಯೋಕೆ ಬರುವಂಥ ಸಣ್ಣ ಐಸ್ ತುಂಡುಗಳು ಬೀಳುತ್ತವೆ, ಪಕ್ಕದ ನಲ್ಲಿಯಲ್ಲಿ ನೀರು. ಮೂರು ವರ್ಷದ ಮಷೀನ್. ಹದಿನೈದು ದಿನದಿಂದ ಒಳಗಿಂದ ಕಿರ್ರ್ ಅಂತ ಸದ್ದು. ಐಸ್ ಒದ್ದೆಯಾಗಿ ಬರ್ತಿದೆ, ಸಂಜೆ ಹೊತ್ತಿಗೆ ಖಾಲಿ. ಹೊರಮೈ ದಿನಾ ಒರೆಸ್ತೀವಿ. ಫಿಲ್ಟರ್ ಒಂದೇ ಒಂದು ಸಲ ಬದಲಾಯಿಸಿದ ನೆನಪು. ಒಳಗಡೆ ಯಾರೂ ಕೈ ಹಾಕಿಲ್ಲ. ಗ್ಯಾಸ್ ಕಮ್ಮಿಯಾಗಿದೆ ಅಂತ ಎಲ್ಲರೂ ಹೇಳ್ತಿದ್ದಾರೆ. ತುಂಬಿಸಿದರೆ ಸರಿ ಹೋಗುತ್ತಾ?

ಉತ್ತರ: ಗ್ಯಾಸಿನ ಮಾತು ಕೊನೆಗೆ. ಅದು ಮುಚ್ಚಿದ ವ್ಯವಸ್ಥೆ, ತಾನಾಗಿ ಖರ್ಚಾಗಲ್ಲ. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ, ಆಗ ಸೋರುವ ಜಾಗ ಹುಡುಕಿ ಮುಚ್ಚದೆ ಬರೀ ತುಂಬಿಸಿದರೆ ನಾಲ್ಕು ತಿಂಗಳಿಗೆ ಮತ್ತೆ ಅಲ್ಲಿಗೇ ಬರ್ತೀರಿ. ನೀವು ಹೇಳಿದ ಮೂರು ಲಕ್ಷಣ, ಅಂದ್ರೆ ಕಿರ್ರ್ ಸದ್ದು, ಒದ್ದೆ ಐಸ್, ಕಡಿಮೆ ಐಸ್, ಮೂರೂ ಒಟ್ಟಿಗೆ ಬಂದಿವೆ, ಒಳಗೆ ಒಮ್ಮೆಯೂ ಕ್ಲೀನ್ ಆಗಿಲ್ಲ. ನನ್ನ ಅನುಮಾನ ಮೊದಲು ಹೋಗೋದು ಸುಣ್ಣದ ಪೊರೆಯ ಮೇಲೆ, ಆಮೇಲೆ ಕಂಡೆನ್ಸರಿನ, ಅಂದ್ರೆ ಬಿಸಿಯನ್ನ ಹೊರಗೆ ಬಿಡುವ ರೆಕ್ಕೆಗಳ ಭಾಗದ, ಧೂಳಿನ ಮೇಲೆ.

ಈ ತರಹದ ಮಷೀನಿನೊಳಗೆ ಒಂದು ನೆಟ್ಟಗಿನ ಸಿಲಿಂಡರ್ ಇರುತ್ತೆ. ಅದರ ಗೋಡೆ ಕೊರೆಯುವಷ್ಟು ತಣ್ಣಗೆ. ಒಳಗೆ ನೀರು ತುಂಬಿಕೊಂಡು ಗೋಡೆಗೆ ಹೆಪ್ಪುಗಟ್ಟುತ್ತೆ. ನಡುವೆ ಆಗರ್ ಅಂತ ಒಂದು ದಪ್ಪ ತಿರುಪು ನಿಧಾನಕ್ಕೆ ತಿರುಗ್ತಾ ಆ ಐಸನ್ನ ಕೆರೆದು ಮೇಲಕ್ಕೆ ತಳ್ಳುತ್ತೆ, ಮೇಲಿನ ಕಿಂಡಿಗಳಲ್ಲಿ ಒತ್ತಿಸಿಕೊಂಡು ಅದು ತುಂಡು ತುಂಡಾಗಿ ಹಾಪರಿಗೆ, ಅಂದ್ರೆ ಐಸ್ ಕೂಡಿಡುವ ಡಬ್ಬಕ್ಕೆ, ಬೀಳುತ್ತೆ. ನೀರು ಹೆಪ್ಪುಗಟ್ಟುವಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಐಸಿನೊಳಗೆ ಸುಲಭಕ್ಕೆ ಸೇರಲ್ಲ, ಉಳಿದ ನೀರಿನಲ್ಲೇ ಸಾಂದ್ರವಾಗ್ತಾ ಹೋಗುತ್ತೆ. ಕೊನೆಗೆ ಗೋಡೆಗೆ ಹತ್ತಿಕೊಳ್ಳುತ್ತೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ನೋಡಿರ್ತೀರಲ್ಲ, ಅದೇ. ಉಗುರಿನಿಂದ ಕೆರೆದರೆ ಮರಳು ಕಾಗದದ ಹಾಗೆ ಗರಗರ ಅನ್ನುತ್ತೆ. ಪೊರೆ ಒರಟಾದಷ್ಟೂ ಐಸ್ ಗೋಡೆಯಿಂದ ಬಿಡಲ್ಲ, ಆಗರ್ ಹಿಡಿದುಕೊಂಡು ತಿರುಗುತ್ತೆ. ನಿಮಗೆ ಕೇಳಿಸ್ತಿರೋದು ಆ ಸದ್ದೇ. ಹಾಗೇ ಓಡಿಸಿದರೆ ಹೊರೆಯೆಲ್ಲ ಬೇರಿಂಗ್ ಮತ್ತು ಗೇರ್ ಮೋಟಾರಿನ ಮೇಲೆ ಬೀಳುತ್ತೆ. ಆದ್ದರಿಂದ ಇವತ್ತೇ ಐಸ್ ಸ್ವಿಚ್ ಆಫ್ ಮಾಡಿ, ನೀರು ಮಾತ್ರ ಬಳಸಿ.

ಈಗ ನೀವೇ ನೋಡಬಹುದಾದ ಎರಡು ವಿಷಯ. ಗಾಳಿ ಎಳೆಯುವ ಜಾಲರಿಯ ಮೇಲೆ, ಕಂಪ್ರೆಸರ್ ಓಡ್ತಿರುವಾಗ, ಒಂದು ಹಾಳೆ ಕಾಗದ ಹಿಡಿಯಿರಿ. ಕಾಗದ ತಾನಾಗಿ ಅಂಟಿಕೊಂಡು ನಿಂತರೆ ಗಾಳಿ ಹರೀತಿದೆ. ಜಾರಿ ಬಿದ್ದರೆ ಕಂಡೆನ್ಸರ್ ಕಟ್ಟಿಕೊಂಡಿದೆ. ಪ್ಲಗ್ ಕಿತ್ತು, ಮೆತ್ತನೆ ಬ್ರಷ್ಷಿನಿಂದ ರೆಕ್ಕೆಗಳ ಉದ್ದಕ್ಕೇ ಗುಡಿಸಿ, ಅಡ್ಡಡ್ಡ ಎಳೆದರೆ ರೆಕ್ಕೆ ಮಡಚಿಕೊಳ್ಳುತ್ತೆ. ಆಸ್ಪತ್ರೆಯಲ್ಲಿ ಹೊದಿಕೆ, ಬಟ್ಟೆಗಳ ನಾರು ಗಾಳಿಯಲ್ಲಿ ಜಾಸ್ತಿ, ತಿಂಗಳಿಗೊಮ್ಮೆ ನೋಡಿ. ಎರಡನೆಯದು ನೀರಿನ ಒತ್ತಡ. ಫಿಲ್ಟರ್ ಹಳೆಯದಾದರೆ ನೀರು ಸಾಲದೆ ಐಸ್ ಕಡಿಮೆ ಬರುತ್ತೆ. ಫಿಲ್ಟರ್ ಆಚೆ ಗೇಜ್ ಇದ್ದರೆ ನೀರು ಹರಿಯುತ್ತಿರುವಾಗಿನ ರೀಡಿಂಗ್ ತೆಗೆದುಕೊಂಡು ಮಷೀನಿನ ಮ್ಯಾನುಯಲ್ಲಿನಲ್ಲಿರುವ ಕನಿಷ್ಠ ಒತ್ತಡಕ್ಕೆ ಹೋಲಿಸಿ. ಹೇಗಿದ್ದರೂ ನಿಮ್ಮ ಫಿಲ್ಟರ್ ಬದಲಾಗಲೇಬೇಕು.

ಪ್ರಶ್ನೆ: ಮೊದಲು ಕೇಳಿದವನೇ. ಕಾಗದ ಬಿದ್ದುಹೋಯ್ತು ಸಾರ್! ಬ್ರಷ್ ಮಾಡಿದೆವು, ಕಂಬಳಿಯಷ್ಟು ದಪ್ಪ ಧೂಳು. ಈಗ ಸುಣ್ಣ ತೆಗೆಯೋದು ಹೇಗೆ? ಬಾತ್‌ರೂಮ್ ಕ್ಲೀನರ್ ಆ್ಯಸಿಡ್ ಸ್ಟೋರಿನಲ್ಲಿದೆ, ನಡೆಯುತ್ತಾ?

ಉತ್ತರ: ಬೇಡ, ಖಂಡಿತ ಬೇಡ. ಅದರಲ್ಲಿ ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆ್ಯಸಿಡ್ ಇರುತ್ತೆ. ಸ್ಟೇನ್‌ಲೆಸ್ ಸ್ಟೀಲಿಗೆ ಸಣ್ಣ ಸಣ್ಣ ಗುಂಡಿ ಬೀಳಿಸುತ್ತೆ, ನಿಕ್ಕಲ್ ಲೇಪನ ಇದ್ದರೆ ಅದು ಸಿಪ್ಪೆಯಂತೆ ಏಳುತ್ತೆ. ಎದ್ದ ಚೂರು ಹೋಗೋದು ರೋಗಿಯ ಕಪ್ಪಿಗೆ. ಐಸ್ ಮಷೀನಿಗೆಂದೇ ಬರುವ, ‘ನಿಕ್ಕಲ್ ಸೇಫ್’ ಅಂತ ಬರೆದಿರುವ ಡಿಸ್ಕೇಲರ್, ಅಂದ್ರೆ ಸುಣ್ಣ ಕರಗಿಸುವ ದ್ರಾವಣ, ತರಿಸಿ. ಸಾಮಾನ್ಯವಾಗಿ ಸಿಟ್ರಿಕ್ ಅಥವಾ ಫಾಸ್ಫಾರಿಕ್ ಆ್ಯಸಿಡ್ ಆಧಾರದ್ದು. ಅಳತೆ ಬಾಟಲಿಯ ಮೇಲಿರುತ್ತೆ, ಜಾಸ್ತಿ ಹಾಕಿದರೆ ಬೇಗ ಆಗುತ್ತೆ ಅನ್ನುವ ಆಸೆ ಬೇಡ.

ಕೆಲವು ಮಷೀನುಗಳಿಗೆ ‘ಕ್ಲೀನ್’ ಬಟನ್ ಇರುತ್ತೆ, ಒತ್ತಿದರೆ ಅದೇ ಹಂತ ಹಂತವಾಗಿ ನಡೆಸಿಕೊಂಡು ಹೋಗುತ್ತೆ. ಇಲ್ಲದಿದ್ದರೆ ನೀರಿನ ವಾಲ್ವ್ ಮುಚ್ಚಿ, ಸಿಲಿಂಡರ್ ಖಾಲಿ ಮಾಡಿ, ಫ್ಲೋಟ್ ಇರುವ ಪುಟ್ಟ ತೊಟ್ಟಿಯ ಮೂಲಕ ದ್ರಾವಣ ತುಂಬಬೇಕು. ಎಷ್ಟು ಹೊತ್ತು ನೆನೆಯಬೇಕು, ಯಾವಾಗ ಆಗರ್ ತಿರುಗಿಸಬೇಕು ಅನ್ನೋದು ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ, ಮ್ಯಾನುಯಲ್ ಎದುರಿಗಿಟ್ಟುಕೊಂಡೇ ಕೂತುಕೊಳ್ಳಿ. ಹಾಪರಿನ ಐಸೆಲ್ಲ ಮೊದಲೇ ಸಿಂಕಿಗೆ ಸುರಿದಿರಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ‘ಬಳಸಬೇಡಿ’ ಅಂತ ದೊಡ್ಡ ಅಕ್ಷರದ ಚೀಟಿ ಮಷೀನಿನ ಎದುರಿಗೆ. ಆ್ಯಸಿಡ್ ಒಳಗಿರುವಾಗ ಯಾರೋ ಬಂದು ಕಪ್ ಹಿಡಿಯೋದನ್ನ ನಾನು ಕಣ್ಣಾರೆ ನೋಡಿ ಓಡಿಹೋಗಿ ಕೈ ಹಿಡಿದಿದ್ದೀನಿ, ಅವತ್ತಿನಿಂದ ಚೀಟಿ ಅಂಟಿಸದೆ ಮುಚ್ಚಳ ತೆಗೆಯಲ್ಲ.

ಇನ್ನೊಂದು ಮಾತು. ಡಿಸ್ಕೇಲ್ ಮಾಡಿದರೆ ಕ್ಲೀನ್ ಆಯ್ತು ಅಂತ ಬಹಳ ಜನ ಅಲ್ಲಿಗೇ ನಿಲ್ಲಿಸ್ತಾರೆ. ಆಗಿರೋದು ಅರ್ಧ. ಆ್ಯಸಿಡ್ ಖನಿಜವನ್ನ ಕರಗಿಸುತ್ತೆ, ಸೂಕ್ಷ್ಮಾಣುಗಳಿಗೆ ಬೇರೆಯದೇ ಸ್ಯಾನಿಟೈಸರ್ ಬೇಕು. ಆದರೆ ಸುಣ್ಣ ತೆಗೆಯದೆ ಸ್ಯಾನಿಟೈಸರ್ ಹಾಕಿದರೂ ಪ್ರಯೋಜನ ಕಡಿಮೆ, ಒರಟು ಪೊರೆಯ ಸಂದಿಯಲ್ಲಿ ಅವು ಅಡಗಿ ಕೂತಿರ್ತವೆ. ಅದಕ್ಕೇ ಮೊದಲು ಡಿಸ್ಕೇಲರ್, ಆಮೇಲೆ ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯೋದು, ಆಮೇಲೆ ಸ್ಯಾನಿಟೈಸರ್. ನಡುವಿನ ತೊಳೆಯೋದನ್ನ ಯಾವತ್ತೂ ತಪ್ಪಿಸಬೇಡಿ. ಆ್ಯಸಿಡ್ ಉಳಿದಿರುವ ಕಡೆ ಬ್ಲೀಚ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತೆ, ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತೆ.

ಸ್ಯಾನಿಟೈಸರಿಗೆ ಮ್ಯಾನುಯಲ್ ಬ್ಲೀಚ್ ಒಪ್ಪಿದರೆ, ವಾಸನೆ, ಸೋಪು ಏನೂ ಸೇರಿಸದ ಸಾದಾ ಸೋಡಿಯಂ ಹೈಪೋಕ್ಲೋರೈಟ್ ತಗೊಳ್ಳಿ. 5 ಪರ್ಸೆಂಟ್ ಶಕ್ತಿಯದ್ದಾದರೆ ಲೀಟರ್ ನೀರಿಗೆ 4 ಮಿಲಿ ಲೀಟರ್ ಹಾಕಿದಾಗ ಸುಮಾರು 200 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 200 ಭಾಗ, ಆಗುತ್ತೆ. ಅದಕ್ಕಿಂತ ಗಟ್ಟಿ ಬೇಡ, ಸ್ಟೀಲಿಗೆ ಕೇಡು. ಬ್ಲೀಚ್ ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತೆ, ವರ್ಷದಿಂದ ಬಿಸಿಲಲ್ಲಿ ಬಿದ್ದಿರುವ ಕ್ಯಾನ್ ನಂಬಬೇಡಿ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿದರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತೆ. ಎಲ್ಲ ಮುಗಿದ ಮೇಲೆ ಮತ್ತೆ ತೊಳೆದು, ಮೊದಲು ಬಂದ ಐಸನ್ನ ಪೂರ್ತಿ ಚೆಲ್ಲಿ. ಯಾರೂ ತಿನ್ನಬಾರದು, ರುಚಿ ನೋಡೋಕೂ ಬೇಡ.

ಪ್ರಶ್ನೆ: ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಆಫೀಸಿನ ಮಷೀನಲ್ಲಿ ಐಸ್ ಬೀಳುವ ಬಾಯಿಯ ಒಳಗೆ ತಿಳಿ ಗುಲಾಬಿ ಬಣ್ಣದ ಲೋಳೆ ಇದೆ. ಒರೆಸಿದರೆ ಹೋಗುತ್ತೆ, ವಾರಕ್ಕೆ ಮತ್ತೆ ಬರುತ್ತೆ. ಅಷ್ಟು ಚಳಿಯಲ್ಲಿ ಬ್ಯಾಕ್ಟೀರಿಯಾ ಹೇಗೆ ಬದುಕುತ್ತೆ? ಅದು ತುಕ್ಕು ಅಲ್ವಾ?

ಉತ್ತರ: ಬಿಳಿ ಟಿಶ್ಯೂ ಸುತ್ತಿದ ಬೆರಳನ್ನ ಬಾಯಿಯ ಒಳಗೆ ಮೇಲ್ಭಾಗಕ್ಕೆ ತಾಗಿಸಿ ಒಂದು ಸುತ್ತು ತಿರುಗಿಸಿ. ತುಕ್ಕಾದರೆ ಪುಡಿ ಬರುತ್ತೆ. ಜಾರುವ ಲೋಳೆ, ಗುಲಾಬಿ ಬಣ್ಣ ಅಂದ್ರೆ ಅದು ಜೀವ ಇರುವ ಪದರ. ಒದ್ದೆ ಜಾಗಗಳಲ್ಲಿ ಈ ಬಣ್ಣ ತರುವುದರಲ್ಲಿ ಸೆರೇಶಿಯಾ ಅನ್ನುವ ಬ್ಯಾಕ್ಟೀರಿಯಾ ಹೆಸರುವಾಸಿ. ಕಪ್ಪು ಚುಕ್ಕೆ ಇದ್ದರೆ ಬೂಷ್ಟು.

ಚಳಿ ಅವುಗಳನ್ನ ಕೊಲ್ಲಲ್ಲ, ಬೆಳವಣಿಗೆಯನ್ನ ನಿಧಾನ ಮಾಡುತ್ತೆ ಅಷ್ಟೇ. ಐಸಿನೊಳಗೆ ಎಷ್ಟೋ ಸೂಕ್ಷ್ಮಾಣುಗಳು ಸುಮ್ಮನೆ ಕಾಯ್ತಾ ಕೂತಿರ್ತವೆ, ಕರಗಿದಾಗ ಏಳ್ತವೆ. ಅದೂ ಅಲ್ಲದೆ ಐಸ್ ಬೀಳುವ ಬಾಯಿ, ಡ್ರಿಪ್ ಟ್ರೇ, ಡ್ರೈನ್ ಪೈಪು, ಇವು ಯಾವುವೂ ಸೊನ್ನೆ ಡಿಗ್ರಿಯಲ್ಲಿ ಇರಲ್ಲ. ಕೋಣೆಯ ಗಾಳಿ ಆಡುತ್ತೆ, ಸದಾ ತೇವ. ಮಷೀನಿನೊಳಗಿನ ನೀರಿನ ಕೊಳವೆ ಕಂಪ್ರೆಸರ್ ಪಕ್ಕದಲ್ಲಿ ಹಾದುಹೋಗಿದ್ದರೆ ಅಲ್ಲಿ ನಿಂತ ನೀರು ಬೆಚ್ಚಗೇ ಇರುತ್ತೆ. ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯೋದು ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದಕ್ಕೆ ಇಂಥ ಜಾಗವೇ ಬೇಕು.

ಇನ್ನೊಂದು ಕಾರಣ ಬಹಳ ಜನಕ್ಕೆ ಹೊಳೆಯಲ್ಲ. ಸರಬರಾಜು ನೀರಿನಲ್ಲಿ ಕಾವಲಿಗೆ ಅಂತ ಸ್ವಲ್ಪ ಕ್ಲೋರಿನ್ ಇರುತ್ತೆ. ಕಾರ್ಬನ್ ಫಿಲ್ಟರ್ ರುಚಿಗೋಸ್ಕರ ಅದನ್ನ ತೆಗೆದುಬಿಡುತ್ತೆ. ಫಿಲ್ಟರಿನಿಂದ ಆಚೆಗೆ ನೀರಿಗೆ ಕಾವಲೇ ಇಲ್ಲ. ಫಿಲ್ಟರ್ ಬೇಡ ಅಂತ ಹೇಳ್ತಿಲ್ಲ, ಫಿಲ್ಟರ್ ಹಾಕಿದವರು ಆಚೆಗಿನ ಭಾಗವನ್ನ ಇನ್ನೂ ಹೆಚ್ಚು ನೋಡಿಕೊಳ್ಳಬೇಕು.

ಒರೆಸಿದ್ದು ವಾರಕ್ಕೇ ವಾಪಸ್ ಬರ್ತಿದೆ ಅಂದ್ರೆ ಮೂಲ ಮೇಲಿದೆ. ಬಾಯಿಯ ಭಾಗ ಕಳಚಿಕೊಳ್ಳುತ್ತೆ, ಬಿಚ್ಚಿ ಸೋಪು ನೀರಿನಲ್ಲಿ ಉಜ್ಜಿ, ಆಮೇಲೆ ಸ್ಯಾನಿಟೈಸರಿನಲ್ಲಿ ಅದ್ದಿ. ಉಜ್ಜದೆ ಅದ್ದಿದರೆ ಲೋಳೆಯ ಮೇಲ್ಪದರ ಮಾತ್ರ ಸಾಯುತ್ತೆ. ಹಾಪರ್ ಮತ್ತು ಡ್ರೈನ್ ಕೂಡ ಅದೇ ದಿನ ಆಗಬೇಕು. ಡ್ರೈನ್ ಪೈಪಿನ ತುದಿ ನೆಲದ ಚರಂಡಿಗೆ ನೇರವಾಗಿ ತುರುಕಿದ್ದಾರಾ ಅಂತ ಬಗ್ಗಿ ನೋಡಿ. ಇದನ್ನ ಎಷ್ಟು ಸಲ ನೋಡಿದರೂ ನನಗೆ ಹೊಟ್ಟೆ ತೊಳಸುತ್ತೆ. ಪೈಪಿನ ಬಾಯಿಗೂ ಚರಂಡಿಗೂ ನಡುವೆ ಖಾಲಿ ಜಾಗ ಬೇಕು, ಪೈಪಿನ ವ್ಯಾಸದ ಎರಡರಷ್ಟು, ಕನಿಷ್ಠ 25 ಮಿಲಿಮೀಟರ್. ಇಲ್ಲದಿದ್ದರೆ ಚರಂಡಿ ಕಟ್ಟಿದ ದಿನ ಅದರ ನೀರು ಹಾಪರಿನ ಕಡೆಗೇ ಏರುತ್ತೆ.

ಮೊದಲು ಕೇಳಿದ ಆಸ್ಪತ್ರೆಯವರೂ ಇದನ್ನ ಓದಿ. ಕೀಮೋ ತಗೊಳ್ಳುವವರು ಬಾಯಿ ಹುಣ್ಣಾಗದಿರಲಿ ಅಂತ ಐಸ್ ಚೂರು ಚೀಪ್ತಾರೆ. ಮಷೀನಿನ ಐಸ್ ಅವರಿಗೆ ಆಹಾರವೂ ಹೌದು, ಔಷಧವೂ ಹೌದು. ಐಸ್ ಮಷೀನಿನಿಂದ ಆಸ್ಪತ್ರೆಯಲ್ಲಿ ಸೋಂಕು ಹರಡಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಿಮ್ಮ ಸೋಂಕು ನಿಯಂತ್ರಣ ತಂಡಕ್ಕೆ ತಿಳಿಸಿ, ಅವರು ಒಪ್ಪುವ ತನಕ ಆ ಮಷೀನಿನ ಐಸ್ ಆಗಲಿ ನೀರಾಗಲಿ ರೋಗಿಗಳಿಗೆ ಹೋಗದಿರಲಿ. ನೀರು ಬಳಸಿ ಅಂತ ಮೊದಲು ಬರೆದಿದ್ದೆ, ಅದು ಗೇರ್ ಉಳಿಸುವ ಲೆಕ್ಕದಲ್ಲಿ. ವಾರ್ಡಿನ ಲೆಕ್ಕದಲ್ಲಿ ಅದನ್ನ ವಾಪಸ್ ತಗೊಳ್ತೀನಿ.

ಪ್ರಶ್ನೆ: ಸುಣ್ಣದ ಕಾಟವೇ ಬೇಡ ಅಂತ ನಾವು ಆರ್‌ಒ ನೀರು ಜೋಡಿಸಿದೆವು. ಈಗ ಮಷೀನ್ ‘ನೀರಿಲ್ಲ’ ಅಂತ ತೋರಿಸ್ತಿದೆ. ನೀರು ಧಾರಾಳವಾಗಿ ಬರ್ತಿದೆ!

ಉತ್ತರ: ಕೆಲವು ಮಷೀನುಗಳು ನೀರಿನ ಮಟ್ಟವನ್ನ ಎರಡು ಕಡ್ಡಿಗಳ ನಡುವೆ ಹರಿಯುವ ವಿದ್ಯುತ್ತಿನಿಂದ ಅಳೆಯುತ್ತವೆ. ವಿದ್ಯುತ್ ಹರಿಸೋದು ನೀರಿನಲ್ಲಿರುವ ಖನಿಜ. ನೀರು ತೀರಾ ಶುದ್ಧವಾದರೆ ಕಡ್ಡಿಗಳಿಗೆ ನೀರು ಕಾಣಿಸೋದೇ ಇಲ್ಲ. ಮ್ಯಾನುಯಲ್ಲಿನಲ್ಲಿ ಕನಿಷ್ಠ ಕಂಡಕ್ಟಿವಿಟಿ ಎಷ್ಟು ಅಂತ ಇರುತ್ತೆ. ಆರ್‌ಒ ಘಟಕದಲ್ಲಿ ಸ್ವಲ್ಪ ಮೂಲ ನೀರು ಬೆರೆಸುವ ವಾಲ್ವ್ ಇದ್ದರೆ ಅದನ್ನ ತಿರುಗಿಸಿ ಆ ಮಟ್ಟಕ್ಕೆ ತನ್ನಿ. ಕಡ್ಡಿಗಳ ಮೇಲೆ ಹಳೆಯ ಸುಣ್ಣ ಹತ್ತಿದ್ದರೂ ಇದೇ ಸಂದೇಶ ಬರುತ್ತೆ, ಮೊದಲು ಅದನ್ನ ಒರೆಸಿ ನೋಡಿ.

ಪ್ರಶ್ನೆ: ಎರಡು ದಿನ ರಜೆ ಕಳೆದು ಬಂದರೆ ಹಾಪರಿನ ಐಸೆಲ್ಲ ಒಂದೇ ಗಡ್ಡೆ. ಮೋಟಾರ್ ಗುಂಯ್ ಅನ್ನುತ್ತೆ, ಐಸ್ ಬೀಳಲ್ಲ. ಸ್ಕ್ರೂಡ್ರೈವರ್ ಹಾಕಿ ಒಡೀತೀವಿ.

ಉತ್ತರ: ಸ್ಕ್ರೂಡ್ರೈವರ್ ಇವತ್ತಿಗೇ ಬಿಟ್ಟುಬಿಡಿ. ಹಾಪರಿನ ಒಳಮೈ ಒಂದು ಕಡೆ ತೂತಾದರೆ ನೀರು ಇನ್ಸುಲೇಷನ್ನಿಗೆ ಇಳಿದು ಅಲ್ಲೇ ಕೊಳೆಯುತ್ತೆ. ಪ್ಲಗ್ ಕಿತ್ತು ಉಗುರುಬೆಚ್ಚಗಿನ ನೀರು ಸುರಿದು ಕರಗಿಸಿ. ಯಾರೂ ಐಸ್ ತೆಗೆಯದೆ ಇದ್ದಾಗ ಮೇಲೆ ಕರಗಿದ್ದು ಕೆಳಗಿಳಿದು ಮತ್ತೆ ಗಟ್ಟಿಯಾಗುತ್ತೆ. ತಳದ ಡ್ರೈನ್ ಅರ್ಧ ಕಟ್ಟಿದ್ದರೆ ಇನ್ನೂ ಬೇಗ, ಮೊದಲು ಅದನ್ನ ನೋಡಿ. ರಜೆಗೆ ಹೋಗುವ ಸಂಜೆ ಐಸ್ ಸ್ವಿಚ್ ಆಫ್ ಮಾಡಿ ಹಾಪರ್ ಖಾಲಿ ಮಾಡಿ. ವಾರಕ್ಕಿಂತ ಹೆಚ್ಚು ಮುಚ್ಚುವುದಾದರೆ ನೀರನ್ನೂ ಬಸಿದು, ಒಣಗಿಸಿ, ಮುಚ್ಚಳ ಸ್ವಲ್ಪ ತೆರೆದಿಡಿ. ವಾಪಸ್ ಬಂದಾಗ ಸ್ಯಾನಿಟೈಸ್ ಮಾಡಿಯೇ ಚಾಲೂ.

ಪ್ರಶ್ನೆ: ಆಸ್ಪತ್ರೆಯಿಂದ ಮತ್ತೆ ನಾನೇ. ನೀವು ಹೇಳಿದ ಕ್ರಮದಲ್ಲೇ ಮಾಡಿದೆವು. ಡ್ರೈನಿನಲ್ಲಿ ಮೊಟ್ಟೆ ಚಿಪ್ಪಿನ ಹಾಗೆ ಬಿಳಿ ಚೂರುಗಳು ಹಿಡಿಗಟ್ಟಲೆ ಬಂದವು. ಐಸ್ ಗಟ್ಟಿಯಾಗಿದೆ, ಸದ್ದು ಮುಕ್ಕಾಲು ಪಾಲು ಹೋಯ್ತು. ಆದರೆ ಸಿಲಿಂಡರಿನ ಕೆಳಗೆ, ಗೇರ್ ಮೋಟಾರಿನ ಮೇಲೆ, ನಿಮಿಷಕ್ಕೆ ಎರಡು ಹನಿ ನೀರು ಬೀಳ್ತಿದೆ. ಐಸ್ ಇನ್ನೂ ಯಾರಿಗೂ ಕೊಟ್ಟಿಲ್ಲ.

ಉತ್ತರ: ಒಳ್ಳೆ ಕೆಲಸ ಮಾಡಿದ್ದೀರಿ. ಆ ಹನಿ ಮಾತ್ರ ಕಾಯುವಂಥದ್ದಲ್ಲ. ಆಗರಿನ ಬುಡದಲ್ಲಿ ವಾಟರ್ ಸೀಲ್ ಇರುತ್ತೆ, ಅದು ಸವೆದಿದೆ. ಸುಣ್ಣದಲ್ಲಿ ಒದ್ದಾಡಿದ ಆಗರ್ ಅಲುಗಾಡಿ ಸೀಲನ್ನ ತಿಂದಿರಬೇಕು. ನೀರು ಬೇರಿಂಗಿಗೆ, ಆಮೇಲೆ ಗೇರ್ ಬಾಕ್ಸಿಗೆ ಇಳಿದರೆ ಗ್ರೀಸ್ ತೊಳೆದುಹೋಗುತ್ತೆ. ಮಷೀನ್ ಆಫ್ ಇರಲಿ, ನೀರಿನ ವಾಲ್ವ್ ಮುಚ್ಚಿ. ಇದನ್ನ ನೀವೇ ಬಿಚ್ಚಬೇಡಿ, ತರಬೇತಿ ಇರುವ ಟೆಕ್ನಿಷಿಯನ್ ಬರಲಿ. ಹಲವು ಹೊಸ ಮಷೀನುಗಳಲ್ಲಿ ತಂಪು ಮಾಡುವ ಗ್ಯಾಸಾಗಿ ಆರ್-290, ಅಂದ್ರೆ ಪ್ರೊಪೇನ್, ಇರುತ್ತೆ, ಅದು ಹೊತ್ತಿಕೊಳ್ಳುವ ಅನಿಲ. ನಿಮ್ಮದು ಯಾವುದು ಅಂತ ಪ್ಲೇಟ್ ನೋಡಿ ಫೋನಿನಲ್ಲೇ ಅವರಿಗೆ ಹೇಳಿ.

ಸೀಲ್ ಒಂದನ್ನೇ ಬದಲಾಯಿಸೋಕೆ ಒಪ್ಪಬೇಡಿ, ಮೇಲಿನ ಕೆಳಗಿನ ಬೇರಿಂಗುಗಳೂ ಜೊತೆಗೇ ಆಗಲಿ. ಆಗರ್ ಹೊರಗೆ ಬಂದಾಗ ಸಿಲಿಂಡರಿನ ಒಳಗೋಡೆಗೆ ಟಾರ್ಚ್ ಹಿಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಇದ್ದರೆ ಸಿಲಿಂಡರೂ ಹೋಗಿದೆ, ಉಗುರು ಜಾರಿದರೆ ಉಳಿದಿದೆ. ಜೋಡಿಸಿದ ಮೇಲೆ ಮತ್ತೊಮ್ಮೆ ಸ್ಯಾನಿಟೈಸ್ ಆಗಲೇಬೇಕು, ಬಿಚ್ಚಿದವರ ಕೈಯೆಲ್ಲ ಅದರೊಳಗೆ ಆಡಿರುತ್ತೆ. ಆಗರ್ ಬಿಚ್ಚಿದ ದಿನ ಗೋಡೆಯ ಫೋಟೋ ಇಲ್ಲಿ ಹಾಕಿ, ಗೀರು ನೋಡಿ ಹೇಳ್ತೀನಿ.