ಚೆಕ್ ಇಂಜಿನ್ ದೀಪ ಉರಿದರೆ: ಕಾಸರಗೋಡು ಗುಂಪಿನಲ್ಲಿ ಮೆಕ್ಯಾನಿಕ್ ಜತೆ ಪ್ರಶ್ನೋತ್ತರ

(ಕೇಳಿದವರ ಹೆಸರಿನ ಬದಲು ಅವರ ಊರಿನ ಹೆಸರು ಹಾಕಿದೆ.)

ಪೆರ್ಲ: ನಮಸ್ಕಾರ ಅಣ್ಣ. 2015ರ ಪೆಟ್ರೋಲ್ ಕಾರು. ಇಂಜಿನ್ ದೀಪ ಉರಿಯುತ್ತಾ ಉಂಟು. ತೊಂದರೆಯ ಕೋಡ್ ಓದುವ ಸ್ಕ್ಯಾನರ್ ತೆಗೊಂಡೆ, ಸಿಕ್ಕಿಸುದೆಲ್ಲಿಗೆ?

ಮೆಕ್ಯಾನಿಕ್: ಸ್ಟಿಯರಿಂಗಿನ ಅಡಿಗೆ ಬಗ್ಗಿ ಟಾರ್ಚ್ ಹಾಕಿ ನೋಡಿ. 16 ಪಿನ್ನಿನ ಸಾಕೆಟ್, ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಕೆಲವು ಕಾರುಗಳಲ್ಲಿ ಮುಚ್ಚಳದ ಒಳಗೆ ಇರ್ತದೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಕೋಡನ್ನೂ ಫ್ರೀಜ್ ಫ್ರೇಮನ್ನೂ (ಕೋಡ್ ಬಂದ ಹೊತ್ತಿಗೆ ಇಂಜಿನ್ ಹೇಗಿತ್ತು ಎಂಬ ದಾಖಲೆ) ಬರೆದಿಟ್ಟುಕೊಳ್ಳಿ. ಅಳಿಸುದು ಕೊನೆಗೆ.

ಕುಂಬಳೆ: ನನ್ನ ಸ್ಕ್ಯಾನರಿಗೆ ಲೈಟೇ ಬರುದಿಲ್ಲ.

ಮೆಕ್ಯಾನಿಕ್: 16ನೇ ಪಿನ್ನಿನಲ್ಲಿ ಬ್ಯಾಟರಿಯ 12 ವೋಲ್ಟ್ ಇರ್ಬೇಕು, 4 ಮತ್ತು 5 ಅರ್ತ್. ಮೀಟರ್ ಹಿಡಿದು ನೋಡಿ. ವೋಲ್ಟ್ ಇಲ್ಲದಿದ್ದರೆ ಫ್ಯೂಸ್ ನೋಡಿ. ಹಲವು ಕಾರುಗಳಲ್ಲಿ ಮೊಬೈಲ್ ಚಾರ್ಜರ್ ಸಾಕೆಟಿಗೂ ಅದೇ ಫ್ಯೂಸ್.

ಮುಳ್ಳೇರಿಯ: ಡೀಸೆಲ್ ಗಾಡಿ. ಅರ್ಧ ಗಂಟೆ ಓಡಿದ ಮೇಲೆ ತನ್ನಿಂದ ತಾನೇ ಆಫ್. ಕಾಲು ಗಂಟೆ ನಿಲ್ಲಿಸಿದರೆ ಪುನಃ ಸ್ಟಾರ್ಟ್. ಕೋಡ್ ಪಿ 0335. ಕ್ರ್ಯಾಂಕ್ ಸೆನ್ಸರ್ ಹೊಸತು ಹಾಕಿಯೂ ಆಯ್ತು, ಹಾಗೆಯೇ ಉಂಟು.

ಮೆಕ್ಯಾನಿಕ್: ಇದನ್ನು ನಿಧಾನವಾಗಿ ಓದಿ. ಪಿ 0335 ಅಂದರೆ ಇಂಜಿನ್ ತಿರುಗುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಅಂತ, ಸೆನ್ಸರೇ ಹೋಗಿದೆ ಅಂತಲ್ಲ. ಇಂಜಿನ್ ಆಫ್ ಆದ ಕೂಡಲೇ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದು ಸೆಲ್ಫ್ ಹೊಡೆಯಿರಿ. ಇಂಜಿನ್ ತಿರುಗುವಾಗಲೂ ಆರ್‌ಪಿಎಂ ಸೊನ್ನೆಯೇ ತೋರಿಸಿದರೆ ಸಿಗ್ನಲ್ ಇಸಿಯುವಿಗೆ (ಇಂಜಿನಿನ ಕಂಪ್ಯೂಟರಿಗೆ) ಮುಟ್ಟುತ್ತಿಲ್ಲ. ಮತ್ತೆ ಸೆನ್ಸರಿನ ಕನೆಕ್ಟರ್ ಬಿಚ್ಚಿ ನೋಡಿ: ಪಿನ್ನಿನಲ್ಲಿ ಹಸಿರು ಕಿಲುಬು, ಎಣ್ಣೆ, ಒಳಗೆ ಸರಿದ ಪಿನ್ ಉಂಟಾ ಅಂತ. ನಮ್ಮ ಮಳೆಗೆ, ಕಡಲ ಗಾಳಿಗೆ ಕಿಲುಬು ಬೇಗ ಹಿಡಿಯುತ್ತದೆ. ಸೆನ್ಸರಿನ ತುದಿಯಲ್ಲಿ ಕಬ್ಬಿಣದ ಹುಡಿ ಅಂಟಿದ್ದರೆ ಒರೆಸಿ. ಮೂರು ವಯರಿನ ಸೆನ್ಸರಾದರೆ ಕೀ ಆನ್ ಇಟ್ಟು ಸಪ್ಲೈ ವೋಲ್ಟ್ ಮತ್ತು ಅರ್ತ್ ನೋಡಿ, ಅದಕ್ಕೆ ಓಮ್ ಮೀಟರ್ ಹಾಕಿ ಪ್ರಯೋಜನ ಇಲ್ಲ. ಇಷ್ಟೂ ಸರಿ ಇದ್ದರೆ, ಗಾಡಿ ನ್ಯೂಟ್ರಲಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಿಸಿಯಾಗಿ ಓಡುವಾಗ ವಯರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಿಸಿ. ಬೆಲ್ಟ್, ಫ್ಯಾನ್ ಹತ್ತಿರ ಕೈ ಬೇಡ. ಎಲ್ಲಿ ಇಂಜಿನ್ ನಿಲ್ಲುತ್ತದೋ ಅಲ್ಲೇ ತೊಂದರೆ. ಅಡಿಕೆ ತೋಟದ ಬದಿ ನಿಲ್ಲಿಸುವ ಗಾಡಿಯಾದರೆ ಇಲಿ ಕಚ್ಚಿದ ಗುರುತೂ ಹುಡುಕಿ.

ಉಪ್ಪಳ: ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಫಾರ್ವರ್ಡ್ ಬಂದದ್ದು: "ಬ್ಯಾಟರಿಯ ಮೈನಸ್ 10 ನಿಮಿಷ ಬಿಚ್ಚಿಡಿ, ಟ್ಯಾಂಕಿಗೆ ಅರ್ಧ ಲೀಟರ್ ಥಿನ್ನರ್ ಹಾಕಿ, ಎಲ್ಲ ಕೋಡ್ ಹೋಗುತ್ತದೆ."

ಮೆಕ್ಯಾನಿಕ್: ದಯವಿಟ್ಟು ಇದನ್ನು ಇಲ್ಲಿ ಹಾಕಬೇಡಿ. ಬ್ಯಾಟರಿ ಬಿಚ್ಚಿದರೆ ಹೆಚ್ಚಿನ ಗಾಡಿಗಳಲ್ಲಿ ಕೋಡಿನ ಜತೆ ಫ್ರೀಜ್ ಫ್ರೇಮೂ ಹೋಗುತ್ತದೆ, ಕಾರಣ ಹುಡುಕಲಿಕ್ಕೆ ಏನೂ ಉಳಿಯುದಿಲ್ಲ. ತೊಂದರೆ ಅಲ್ಲೇ ಇರುತ್ತದೆ. ಥಿನ್ನರ್ ರಬ್ಬರ್ ಸೀಲನ್ನು ತಿನ್ನುತ್ತದೆ. ಡೀಸೆಲಿಗೆ ಹಾಕಿದರೆ ಹೈ ಪ್ರೆಶರ್ ಪಂಪಿಗೆ ಡೀಸೆಲಿನ ಜಿಡ್ಡೂ ಸಿಗದೆ ಅದು ಸವೆಯುತ್ತದೆ.

ಉಪ್ಪಳ: ತುಂಬ ಜನ ಮಾಡಿದ್ದಾರೆ.

ಬದಿಯಡ್ಕ: ಮಾಡಿದವರ ಪಂಪಿನ ಬಿಲ್ಲನ್ನೂ ಫಾರ್ವರ್ಡ್ ಮಾಡಿ ಉಪ್ಪಳದ ಶೆಟ್ರೆ. ನನ್ನದು 2008ರ ಕಾರು, 16 ಪಿನ್ ಉಂಟು, ಸ್ಕ್ಯಾನರ್ ಕನೆಕ್ಟ್ ಆಗುದಿಲ್ಲ.

ಉಪ್ಪಳ: 16 ಪಿನ್ ಇದ್ದರೆ ಆಗಲೇಬೇಕು. ನಿಮ್ಮ ಸ್ಕ್ಯಾನರ್ ಡುಪ್ಲಿಕೇಟ್.

ಬದಿಯಡ್ಕ: ಅದೇ ಸ್ಕ್ಯಾನರ್ ತಮ್ಮನ ಕಾರಿನಲ್ಲಿ ಓದುತ್ತದೆ. ಗೊತ್ತಿಲ್ಲದ್ದು ಎಂತಕ್ಕೆ ಹೇಳುದು?

ಮೆಕ್ಯಾನಿಕ್: ಬದಿಯಡ್ಕದವರು ಹೇಳಿದ್ದು ಸರಿ. ನಮ್ಮಲ್ಲಿ ಒಬಿಡಿ 2 (ಎಲ್ಲ ಕಂಪನಿಯ ಗಾಡಿಯ ಕೋಡನ್ನೂ ಒಂದೇ ಸ್ಕ್ಯಾನರ್ ಓದುವ ವ್ಯವಸ್ಥೆ) ಕಡ್ಡಾಯ ಆದದ್ದು 2013ರ ಏಪ್ರಿಲಿನಿಂದ. ಅದಕ್ಕಿಂತ ಹಿಂದಿನವುಗಳಲ್ಲಿ ಸಾಕೆಟ್ ಅದೇ ಇದ್ದರೂ ಒಳಗಿನ ಭಾಷೆ ಕಂಪನಿಯದೇ ಇರಬಹುದು.

ವರ್ಕಾಡಿ: ಎಬಿಎಸ್ ದೀಪಕ್ಕೆ ಇದೇ ಸ್ಕ್ಯಾನರ್ ಸಾಕಾ?

ಮಂಜೇಶ್ವರ: ಪೆಟ್ರೋಲ್ ಗಾಡಿ, ಪಿ 0302, ಇಂಜಿನ್ ದೀಪ ಮಿನುಗುತ್ತಾ ಉಂಟು. ಮಂಗಳೂರಿಗೆ ಹೋಗಿ ಬರಬಹುದಾ?

ಮೆಕ್ಯಾನಿಕ್: ಬೇಡ! ನಿಲ್ಲಿಸಿ. ಎರಡನೇ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿ ಉರಿಯದೆ ಮಿಸ್ ಆಗ್ತಾ ಉಂಟು. ಉರಿಯದ ಪೆಟ್ರೋಲ್ ಸೈಲೆನ್ಸರಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೇ ಕರಗಿಸಬಹುದು. ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ತಣಿದ ಮೇಲೆ 1 ಮತ್ತು 2ನೇ ಸಿಲಿಂಡರಿನ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು) ಅದಲು ಬದಲು ಮಾಡಿ. ಕೋಡ್ ಪಿ 0301 ಆದರೆ ಕಾಯಿಲ್ ಹೋಗಿದೆ. 0302 ಆಗಿಯೇ ಉಳಿದರೆ ಪ್ಲಗ್, ಮತ್ತೆ ಇಂಜೆಕ್ಟರ್ ನೋಡಿ.

ನೀರ್ಚಾಲು: ಸ್ಕ್ಯಾನರ್ ಸಿಕ್ಕಿಸುವ ಪೋರ್ಟ್ ಎಲ್ಲಿರ್ತದೆ ಅಣ್ಣ?

ಮೆಕ್ಯಾನಿಕ್: ಮೇಲೆ ಬರೆದದ್ದುಂಟು.

ಉಪ್ಪಳ: ಕೇಳಿದವರಿಗೆ ಸರಿಯಾಗಿ ಹೇಳಿದರೆ ಎಂತ ನಷ್ಟ?

ಮೆಕ್ಯಾನಿಕ್: ಮೊದಲ ಉತ್ತರ ಓದಲಿಕ್ಕೆ ಹೇಳಿ. ಥಿನ್ನರ್ ಮೆಸೇಜ್ ಅಳಿಸಿ, ಯಾರಾದರೂ ಹಾಕಿಯಾರು.

ಮುಳ್ಳೇರಿಯ: ಅಲುಗಿಸಿದೆ ಅಣ್ಣ. ಬ್ರಾಕೆಟ್ ಹತ್ತಿರ ಮುಟ್ಟಿದಾಗ ಇಂಜಿನ್ ನಿಂತಿತು. ವಯರಿನ ಸಿಪ್ಪೆ ಉಜ್ಜಿ ತಾಮ್ರ ಕಾಣ್ತಾ ಉಂಟು.

ಮೆಕ್ಯಾನಿಕ್: ಅದೇ. ಕಾರಣ ಸಿಕ್ಕಿತಲ್ಲ, ಈಗ ಬ್ಯಾಟರಿಯ ಮೈನಸ್ ಬಿಚ್ಚಬಹುದು. ತಾಮ್ರ ಕಪ್ಪಾದಷ್ಟು ಕತ್ತರಿಸಿ ತೆಗೆದು ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬರೇ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ ಬಿಡುತ್ತದೆ. ಬ್ರಾಕೆಟಿಗೆ ತಾಗದ ಹಾಗೆ ಕ್ಲಿಪ್ ಹಾಕಿ ಕಟ್ಟಿ. ಬ್ಯಾಟರಿ ಪುನಃ ಸಿಕ್ಕಿಸಿ, ಕೋಡ್ ಉಳಿದಿದ್ದರೆ ಈಗ ಅಳಿಸಿ, ಹತ್ತಿರದಲ್ಲೇ ಒಂದು ಗಂಟೆ ಓಡಿಸಿ, ಪೆಂಡಿಂಗ್ ಕೋಡ್ (ದೀಪ ಉರಿಸುವ ಮೊದಲೇ ದಾಖಲಾಗುವ ಕೋಡ್) ಉಂಟಾ ನೋಡಿ ಇಲ್ಲಿ ಬರೆಯಿರಿ.