ಸಹಾಯ ಬೇಕು: 390 ಡ್ಯೂಕ್, ಹಳೇದಾ ಹೊಸದಾ?

ಎಲ್ಲರಿಗೂ ನಮಸ್ಕಾರ. ಕೆಟಿಎಂ 390 ಡ್ಯೂಕ್ ಬೈಕ್ ತಗೊಳ್ಳೋಣ ಅಂತಿದ್ದೇನೆ. 2023ರಲ್ಲಿ ಬಂದ ಹೊಸ ಮಾದರಿ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಂಜಿನ್ 373 ಸಿಸಿ ಇದ್ದದ್ದು 399 ಆಗಿದೆ, ಪವರ್ 46 ಪಿಎಸ್, ಸೀಟಿನ ಎತ್ತರ 800 ಮಿಮೀಗೆ ಇಳಿದಿದೆ. ನಾನು ಐದಡಿ ನಾಲ್ಕಿಂಚು. ಗೆಳೆಯನ ಹಳೇ ಗಾಡಿಯಲ್ಲಿ ಸಿಗ್ನಲ್ ಬಂದರೆ ತುದಿಗಾಲೇ ಗತಿ. ಹೊಸದರಲ್ಲಿ ಕಾಲು ಆರಾಮಾಗಿ ಊರುತ್ತದೆ. ಆದರೆ ಅವನಿಗೆ ಹೊಸ ಟ್ಯಾಂಕ್ ಕಂಡರಾಗಲ್ಲ, 'ಎಮ್ಮೆ ಭುಜ' ಅಂತಾನೆ. ನನಗೇನೋ ಇಷ್ಟ ಆಯ್ತು. ಪಕ್ಕಕ್ಕೆ ಕೂತ ಹಿಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಸ್ವಲ್ಪ ವಿಚಿತ್ರ ಅಲ್ವಾ?

ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್, ತಿಂಗಳಿಗೊಮ್ಮೆ ಸಕಲೇಶಪುರ. ಎರಡನ್ನೂ ಓಡಿಸಿದವರು ಹೇಳಿ: ಕಾಲಿಗೆ ಬಿಸಿ ಯಾವುದರಲ್ಲಿ ಕಡಿಮೆ? ಹಿಂದೆ ಕೂತವರ ಬೆನ್ನಿನ ಕಥೆ ಏನು? ಫೋಟೋ ನೋಡಿ ಸುಮ್ನೆ ಬೈಯೋರು ದಯವಿಟ್ಟು ಬೇಡ.